ಮೂರನೆಯ ತುಂಡು

4 ಏಪ್ರಿಲ್ 2005, ಸೋಮವಾರ

ಡೊಂಬಿವಲಿ 8.14 ಲೋಕಲ್ ರೈಲು. ಆರು ನಿಮಿಷ ಲೇಟ್. ಸೀಟಿಲ್ಲ. ನಿಂತೇ ಓದಿದ್ದು, ಪುಟ 371ರಿಂದ 388.

ಕಾದಂಬರಿ 612 ಪುಟ. ಲೇಡೀಸ್ ಡಬ್ಬಿಯ ನೂಕಿನಲ್ಲಿ ಒಂದು ಕೈಯಲ್ಲಿ ಹಿಡಿಯಲಾಗದು. ಬ್ಲೇಡಿನಿಂದ ಮೂರು ತುಂಡು ಮಾಡಿದ್ದೆ. ಡಬ್ಬಿಯ ಗೆಳತಿ ವಿನೋದಾ ಬೇಗ ಓದುತ್ತಾಳೆ — ಮೊದಲು ಅವಳಿಗೆ. ಆಮೇಲೆ ನನಗೆ, ನಂತರ ಇನ್ನೊಬ್ಬ ಗೆಳತಿ ಸೌಜನ್ಯಾಳಿಗೆ. ಮೂರನೆಯ ತುಂಡು, 409ರಿಂದ ಕೊನೆಯವರೆಗೆ, ವಿನೋದಾಳ ಬಳಿ ಇದೆ.

ಎಂ.ಎ. ಪರೀಕ್ಷೆ 16ಕ್ಕೆ. ಆಧುನಿಕ ಇಂಗ್ಲಿಷ್ ಕಾದಂಬರಿ. ಹೋದ ವರ್ಷ ಬರೀ ಗೈಡ್ ಓದಿ ಬರೆದೆ. 36 ಅಂಕ. ಪಾಸಿಗೆ 40. ಈ ವರ್ಷ ಪಠ್ಯ ಬೇರೆ, ಗೈಡ್ ಹೊಸದು. ಇದೇ ಕೊನೆಯ ಅವಕಾಶ.

ಗೈಡಿನಲ್ಲಿ ಕಥೆಯ ಅಂತ್ಯವೂ ಇದೆ. ಆ ಎರಡು ಪುಟಕ್ಕೆ ವಿನೋದಾ ತನ್ನ ಆಫೀಸಿನ ಸ್ಟೇಪ್ಲರ್‌ನಿಂದ ಪಿನ್ ಹೊಡೆದಳು. "ಕಡೀದು ಇದರಾಗ ಓದಿದ್ರ ನಿಮಗೂ ನನಗೂ ಮಾತಿಲ್ಲ ನೋಡ್ರಿ ಅಕ್ಕಾ."

6 ಏಪ್ರಿಲ್

ಮಗಳು ಅಶ್ಮಿತಾ ಪ್ರಶ್ನೆ ಕೇಳಿದಳು. ಹತ್ತು ಲೇಖಕರು, ಹುಟ್ಟಿದ ವರ್ಷ, ಮುಖ್ಯ ಕೃತಿ. ಹತ್ತಕ್ಕೆ ಹತ್ತು.

"ಮಮ್ಮಿ, ಸಬ್ ಪಢಾ ಹೈ ಕ್ಯಾ?"

ಎಲ್ಲ ಎಲ್ಲಿ? ಓದಿದ್ದು ಒಂದು. ಅದೂ ಪೂರ್ತಿ ಅಲ್ಲ.

8 ಏಪ್ರಿಲ್

408 ಮುಗಿಯಿತು. ಕಥೆಯ ಗಣಿ ಊರಿನ ಶಿಕ್ಷಕಿ ಮನೆ ಮಾರಿ ಹೋಗುತ್ತಾಳೋ, ಇರುತ್ತಾಳೋ — ಅಲ್ಲಿಗೆ ನಿಂತಿದೆ. ವಿನೋದಾ ಬಂದಿಲ್ಲ. ನಿನ್ನೆಯೂ ಬಂದಿರಲಿಲ್ಲ.

13 ಏಪ್ರಿಲ್

ನಾಲ್ಕು ವರ್ಷ ಒಂದೇ ಡಬ್ಬಿ. ವಿನೋದಾಳ ಅತ್ತೆಯ ಮೊಣಕಾಲು ನೋವು ಗೊತ್ತು. ಮಗನ ಗಣಿತದ ಅಂಕ ಗೊತ್ತು. ಸರ್‌ನೇಮ್ ಗೊತ್ತಿಲ್ಲ. ಬಿಲ್ಡಿಂಗ್ ಗೊತ್ತಿಲ್ಲ. ಫೋನ್ ನಂಬರ್ ಕೇಳಿಯೇ ಇಲ್ಲ — ದಿನಾ ಸಿಗುವವಳು.

ಸೌಜನ್ಯಾ ಹೇಳಿದಳು: "ನಿನ್ನೆ ಠಾಣೆ ಸ್ಟೇಷನ್ ಬ್ರಿಜ್ಜಲ್ಲಿ ವಿನೋದಾ ಸಿಕ್ಕಿದ್ಲು, ಜಯಲತಕ್ಕ. ಎಂತ ಓಟ ಗೊತ್ತುಂಟಾ! ಅವಳ ಆಫೀಸು ವಾಶಿಗೆ ಹೋಯ್ತಂತೆ. ಈಗ 7.42ಕ್ಕೆ ಹೊರಟು ಠಾಣೆಯಲ್ಲಿ ಗಾಡಿ ಬದಲಿಸುದಂತೆ."

15 ಏಪ್ರಿಲ್

7.42 ಹಿಡಿದೆ. ಬಾಗಿಲ ಬಳಿ ನಿಂತಿದ್ದಳು. ನನ್ನನ್ನು ನೋಡಿ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

"ಕಳ್ಳಿ ಸಿಕ್ಕಳಾ?" ಎಂದೆ.

"ಸಿಕ್ಕೀನ್ರೀ. ವಾಶಿ ಗಾಡ್ಯಾಗ ನನಗ್ಯಾರೂ ಗುರುತಿಲ್ಲ. ಮುಗದ್ರ ಏನ್ ಮಾಡ್ಲಿ ಅಂತ ದಿನಕ್ಕ ಹದಿನೈದ ಪುಟ ಓದಾಕತ್ತೀನಿ."

ತುಂಡನ್ನು ಮತ್ತೆ ಎರಡು ಮಾಡಿದ್ದಾಳೆ! ಅವಳು ಓದಿ ಮುಗಿಸಿದ್ದು, 409ರಿಂದ 510, ಕೊಟ್ಟಳು. ಉಳಿದದ್ದು ಮನೆಯಲ್ಲಿ, ಸೋಮವಾರ ತರುತ್ತಾಳಂತೆ.

"ಪರೀಕ್ಷೆ ನಾಳೆ, ಮಾರಾಯ್ತಿ."

ಅವಳ ಮುಖ ಸಣ್ಣದಾಯಿತು. "ದೇವ್ರಾಣಿ ಮರತಿದ್ದೆ. ಪಿನ್ ಬಿಚ್ಚ್ರಿ ಅಕ್ಕಾ. ನಾ ಏನೂ ಅನ್ನಂಗಿಲ್ಲ."

ರಾತ್ರಿ ಊಟದ ಹೊತ್ತಿಗೆ 510 ಮುಗಿಯಿತು. ಅಶ್ಮಿತಾ ಗೈಡ್ ತಂದು ಎದುರಿಗಿಟ್ಟಳು. "ಪಿನ್ ನಿಕಾಲ್ ನಾ. ದೋ ಪನ್ನೇ ಹೀ ತೋ ಹೈ."

ಪಿನ್ ತೆಗೆದರೆ ಎರಡೇ ಪುಟ. ಸರಿ. ಆದರೆ ವಿನೋದಾಳಿಗಿಂತ ಮೊದಲು ನನಗೆ ಗೊತ್ತಾದರೆ ಸೋಮವಾರ ಅವಳ ಜೊತೆ ಏನು ಮಾತಾಡಲಿ? ಗೈಡ್ ಕಪಾಟಿಗೆ.

16 ಏಪ್ರಿಲ್

ಪ್ರಶ್ನೆ 3, ಕಡ್ಡಾಯ: ಕಾದಂಬರಿಯ ಅಂತ್ಯವನ್ನು ಚರ್ಚಿಸಿ. 20 ಅಂಕ.

ಐದು ಪುಟ ಬರೆದೆ. ಶಿಕ್ಷಕಿ ಯಾಕೆ ಹೋಗಬಹುದು, ಯಾಕೆ ಇರಬಹುದು. ಕೊನೆಯ ಸಾಲು — ಪುಟ 510ರವರೆಗೆ ಮಾತ್ರ ಓದಿದ್ದೇನೆ ಎಂದು. ಹೊಡೆದು ಹಾಕೋಣ ಅನ್ನಿಸಿತು. ಹಾಕಲಿಲ್ಲ.

18 ಏಪ್ರಿಲ್, ಬೆಳಿಗ್ಗೆ 8.09. ಠಾಣೆ ಪ್ಲಾಟ್‌ಫಾರ್ಮ್

7.42ರಲ್ಲಿ ಇಬ್ಬರಿಗೂ ಸೀಟು. 511ರಿಂದ ಕೂಡಿಯೇ ಓದಿದೆವು. ಅವಳು ಪುಟ ಮುಗಿಸಿ ನನಗೆ ಕಾಯುತ್ತಾಳೆ. ಠಾಣೆ ಬಂದಾಗ 519. ಅವಳು ಇಳಿದಳು. ನಾನೂ ಇಳಿದೆ. ನಾನು ಮುಂದೆ ಹೋಗಬೇಕಿದ್ದ ಗಾಡಿ ಹೋಯಿತು.

ವಾಶಿ ಗಾಡಿಗೆ ಇನ್ನೂ ಹನ್ನೆರಡು ನಿಮಿಷ. ಚಹಾ ತರಲು ಹೋಗಿದ್ದಾಳೆ. ತುಂಡು ನನ್ನ ಮಡಿಲಲ್ಲಿದೆ. ಮುಂದೆ ತಿರುವಿ ನೋಡಿಲ್ಲ. ಬಂದಳು, ಎರಡೂ ಕೈಯಲ್ಲಿ ಗ್ಲಾಸು, ಪುಟ ತಿರುವಲು ನಾನೇ —