ಕಪ್ಪು ಬಳಿದ ಬೆಟ್ಟ

ಮಧುಗಿರಿ
೮ ಡಿಸೆಂಬರ್ ೨೦೨೪, ಭಾನುವಾರ

ಹಾಲೇಶ್ ಅವರಿಗೆ,

ಶಿವರಂಜನಿಯ ನಮಸ್ಕಾರಗಳು. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ವಕೀಲರ ನೋಟೀಸೇನೋ ಎಂದು ಗಾಬರಿಯಾಗಬೇಡಿ. ನೀವು ವಳ್ಳೂರಿನಲ್ಲಿ ಬೇರೆ ರೂಮು ಮಾಡಿಕೊಂಡು ಎರಡು ವರ್ಷವಾಯಿತು. ಇಷ್ಟು ದಿನದಲ್ಲಿ ನಾನು ನಿಮಗೆ ಒಂದು ಸಾಲೂ ಬರೆದಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನಡುವೆ ನಾನೇ ಜಗಳ ತೆಗೆಯುತ್ತೇನೆ, ಅದಕ್ಕೇ ಈ ಕಾಗದ. ವಿಷಯ ಅಶ್ವಿನಿಯದು.

ಅವಳು ನಿಮಗೆ ಗೊತ್ತು. ವಳ್ಳೂರಿನ ಹುಡುಗಿ, ಹೈಸ್ಕೂಲಿನಲ್ಲಿ ನಿಮ್ಮ ಹತ್ತಿರ ಡ್ರಾಯಿಂಗ್ ಕಲಿತವಳು. ಈಗ ನಮ್ಮ ಡಿ.ಎಡ್ ಕಾಲೇಜಿನಲ್ಲಿ ಎರಡನೇ ವರ್ಷ. ಚಿಕ್ಕ ಮಕ್ಕಳಿಗೆ ಚಿತ್ರಕಲೆ ಕಲಿಸುವುದು ಹೇಗೆಂದು ಅವಳ ತರಗತಿಗೆ ಪಾಠ ಮಾಡುವವಳು ನಾನೇ. ಬೋಧನಾಭ್ಯಾಸಕ್ಕೆಂದು ಅವಳನ್ನು ಮಿಡಿಗೇಶಿ ಕಡೆಯ ಒಂದು ಪ್ರಾಥಮಿಕ ಶಾಲೆಯ ಮೂರನೇ ಕ್ಲಾಸಿಗೆ ಕಳಿಸಿದ್ದೆವು.

ಮೊದಲ ವಾರ ನೋಡಲು ಹೋದಾಗ ಅಲ್ಲಿಯ ಮಕ್ಕಳು ಎಲ್ಲ ಕಡೆಯ ಮಕ್ಕಳಂತೆ ಎರಡು ತ್ರಿಕೋನ ಎಳೆದು ನಡುವೆ ಸೂರ್ಯನನ್ನು ಕೂರಿಸುತ್ತಿದ್ದರು. ಮೂರನೇ ವಾರ ಹೋದರೆ ಗೋಡೆಯ ತುಂಬ ಮಿಡಿಗೇಶಿ ಬೆಟ್ಟ! ಕೆಮ್ಮಣ್ಣು, ಇದ್ದಿಲು, ಹೊಂಗೆ ಸೊಪ್ಪಿನ ರಸದಲ್ಲಿ ಬರೆದದ್ದು. ಲೋಹಿತಾ ಎಂಬ ಹುಡುಗಿಯ ಬೆಟ್ಟವಂತೂ ಮಲಗಿ ಮೆಲುಕು ಹಾಕುವ ಎಮ್ಮೆಯ ಹಾಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೆಮ್ಮಣ್ಣು ಇದ್ದಿಲಿನ ಬಣ್ಣ ನಿಮ್ಮ ಪದ್ಧತಿಯಲ್ಲವೇ?

ಹೆಡ್‌ಮಾಸ್ಟರ್ ಚಿಕ್ಕನರಸಯ್ಯನವರನ್ನು ವಿಚಾರಿಸಿದೆ. ಶಾಲೆಯ ಬೀರುವಿಗೆ ಗೆದ್ದಲು ಹತ್ತಿದೆ, ಅದಕ್ಕೇ ಅಶ್ವಿನಿ ಶನಿವಾರ ಚಿತ್ರಗಳ ಕಟ್ಟನ್ನು ವಳ್ಳೂರಿನ ತನ್ನ ಮನೆಗೆ ಒಯ್ದು ಸೋಮವಾರ ತರುತ್ತಾಳೆ ಎಂದರು. ನನ್ನ ಕಿವಿಗೆ ಗೆದ್ದಲು ಬೀಳಲೇ ಇಲ್ಲ, ವಳ್ಳೂರು ಮಾತ್ರ ಬಿತ್ತು. ಮಕ್ಕಳ ಹಾಳೆಯ ಮೇಲೆ ನಿಮ್ಮ ಕೈ ಓಡಾಡುವುದು ಕಣ್ಣಿಗೆ ಕಟ್ಟಿತು. ಈ ಹುಡುಗಿ ಸೋಮವಾರ ಇಷ್ಟು ಗೆಲುವಾಗಿರುವುದೇಕೆ, ಶನಿವಾರ ಯಾವ ಬಸ್ಸು ಹತ್ತುತ್ತಾಳೆ ಎಂದೆಲ್ಲ ಮನಸ್ಸು ಹುಡುಕತೊಡಗಿತು. ನನ್ನ ಈ ಬುದ್ಧಿ ನಿಮಗೆ ಹೊಸದೇನಲ್ಲ.

ಬುಧವಾರ ಅಶ್ವಿನಿಗೆ ತಿಳಿಯದಂತೆ ಲೋಹಿತಾಳನ್ನು ಆಫೀಸು ಕೋಣೆಗೆ ಕರೆಸಿದೆ. ಹಾಳೆ, ಬಣ್ಣದ ಕಡ್ಡಿ ಕೊಟ್ಟು, ಗೋಡೆಯ ಮೇಲಿರುವ ಬೆಟ್ಟವನ್ನೇ ಇನ್ನೊಮ್ಮೆ ಬರೆ ಎಂದೆ. ಅವಳ ಕುರ್ಚಿಯ ಹಿಂದೆ ನಿಂತು ಕಾದೆ. ಮಗು ಕಪ್ಪು ಕಡ್ಡಿ ತೆಗೆದುಕೊಂಡು ಹಾಳೆಯ ಮೂಲೆಮೂಲೆಗೂ ತೀಡಿತು. ಬೆಟ್ಟವೂ ಇಲ್ಲ, ಆಕಾಶವೂ ಇಲ್ಲ. ಗೋಡೆಯ ಚಿತ್ರ ಇವಳದಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದು ಆ ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ಅಂದೇ ಸಂಜೆ ಅಶ್ವಿನಿಯನ್ನು ಕೂರಿಸಿಕೊಂಡು, ಹಾಲೇಶ್ ಸಾರ್ ತಾನೆ ಬರೆದುಕೊಟ್ಟಿದ್ದು ಎಂದು ನೇರವಾಗಿ ಕೇಳಿದೆ. ಮಕ್ಕಳ ಹೆಸರಿನಲ್ಲಿ ಮೋಸ ಮಾಡುವವಳನ್ನು ಟೀಚರ್ ಆಗಲು ಬಿಡುವುದಿಲ್ಲ, ಫೇಲ್ ಮಾಡುತ್ತೇನೆ ಎಂದೂ ಹೇಳಿದೆ. ಅವಳ ಕಣ್ಣು ತುಂಬಿತು, ಆದರೆ ದನಿ ತಗ್ಗಲಿಲ್ಲ. “ನಾನಾಗ್ಲಿ ಸಾರಾಗ್ಲಿ ತಿದ್ದಿದ್ರೆ ಅದು ಮಕ್ಕಳ ಚಿತ್ರ ಹೆಂಗಾಗುತ್ತೆ ಮಿಸ್? ಒಂದಿನ ನನ್ನ ಕ್ಲಾಸಲ್ಲಿ ಕೂತು ನೋಡಿ. ಆಮೇಲೆ ಬೇಕಾದ್ರೆ ಫೇಲ್ ಮಾಡಿ” ಎಂದಳು.

ಶುಕ್ರವಾರ ಹೋಗಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂತೆ. ಅಶ್ವಿನಿ ಮೊದಲು ಎಲ್ಲರನ್ನೂ ಶಾಲೆಯ ಹಿಂದಿನ ಬಂಡೆಗೆ ಕರೆದೊಯ್ದು ಕೆನ್ನೆ ಆನಿಸಿರಿ ಎಂದಳು. ಬಿಸಿ, ತರಿತರಿ, ಅಜ್ಜಿ ಕೈ ಇದ್ದಂಗೈತೆ ಎಂದು ಮಕ್ಕಳು ಕೂಗಿದರು. ಒಳಗೆ ಬಂದ ಮೇಲೆ ಬೋರ್ಡಿನ ಮೇಲೆ ಅವಳು ಏನನ್ನೂ ಬರೆಯಲಿಲ್ಲ. ತಾನೂ ಒಂದು ಹಾಳೆ ಹಿಡಿದು ನೆಲದ ಮೇಲೆ ಕೂತು ತನ್ನ ಪಾಡಿಗೆ ಬರೆಯತೊಡಗಿದಳು. ಯಾರ ಹಾಳೆಯನ್ನೂ ಮುಟ್ಟಲಿಲ್ಲ. ನನ್ನ ಪಕ್ಕದಲ್ಲೇ ಕೂತ ಲೋಹಿತಾಳ ಬೆರಳಿನ ಕೆಳಗೆ ಬೆಟ್ಟ ಎದ್ದಿತು. ಗೋಡೆಯ ಮೇಲಿದ್ದದ್ದಕ್ಕಿಂತ ಚೆನ್ನಾಗಿತ್ತು.

ಮಡಿಸಿಟ್ಟ ಕಪ್ಪು ಹಾಳೆಯನ್ನು ತೆಗೆದು, ಮೊನ್ನೆ ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದೆ.

“ನೀವು ಹಿಂದ್ಗಡೆ ನಿಂತ್ಕಂಡಿದ್ರಿ ಮಿಸ್. ಏನ್ ಬರುದ್ರೂ ತಪ್ಪು ಅಂತೀರ ಅನ್ನುಸ್ತು. ಅದ್ಕೇ ಮುಚ್ಬುಟ್ಟೆ. ಬೆಟ್ಟ ಅದ್ರೊಳ್ಗೇ ಐತೆ” ಎಂದಳು.

ಆ ಹಾಳೆಯನ್ನು ಅವಳ ಕೈಗೇ ಕೊಟ್ಟು ಎದ್ದೆ. ಅಶ್ವಿನಿಯ ಕ್ಷಮೆಯನ್ನು ಎಲ್ಲರೆದುರೇ ಕೇಳಿದೆ. ಅವಳು “ಬುಡಿ ಮಿಸ್” ಎಂದು ನಕ್ಕಳು, ಆದರೆ ಮೊದಲಿನಂತೆ ನನ್ನ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಅದು ಸರಿಹೋಗಲು ದಿನ ಹಿಡಿಯುತ್ತದೆ, ಹೋಗದೆಯೂ ಇರಬಹುದು. ಅವಳಂತೂ ಪಾಸಾಗುತ್ತಾಳೆ.

ನಿಮಗೆ ಹೇಳಬೇಕಾದದ್ದು ಇಷ್ಟೇ. ನೀವು ಮನೆಯಿಂದಲೇ ವಳ್ಳೂರಿನ ಶಾಲೆಗೆ ಓಡಾಡುತ್ತಿದ್ದಾಗ, ಪಾವಗಡದ ಬಸ್ಸು ತಪ್ಪಿತೆಂದು ತಡವಾಗಿ ಬಂದಾಗಲೆಲ್ಲ ನಾನು ಬಾಗಿಲಲ್ಲೇ ನಿಂತು ಎಲ್ಲಿ, ಯಾರ ಜೊತೆ ಎಂದು ಕೇಳುತ್ತಿದ್ದೆ. ಬರುಬರುತ್ತಾ ನೀವು ಉತ್ತರ ಕೊಡುವುದನ್ನೇ ಬಿಟ್ಟಿರಿ. ಆ ಮೌನವೇ ಸಾಕ್ಷಿ ಎಂದು ನಂಬಿದ್ದೆ. ಅದರೊಳಗೆ ಏನಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಉತ್ತರ ಕೊಡಲೇಬೇಕೆಂದಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ರಂಜನಿ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಗುರುವಾರ ನಾನು ರಜೆ ಹಾಕಿ ವಳ್ಳೂರಿಗೆ ಬಂದಿದ್ದೆ. ನಿಮ್ಮ ಶಾಲೆಯ ಕಾಂಪೌಂಡಿನಾಚೆ ನಿಂತು, ಬಿಸಿಯೂಟ ಮಾಡುವ ಚಿಕ್ಕಕ್ಕನವರನ್ನು ಅಶ್ವಿನಿ ಇಲ್ಲಿಗೆ ಬರುತ್ತಾಳೆಯೇ ಎಂದು ಕೇಳಿದೆ. ಓದು ಮುಗಿಸಿ ಹೋದ ಮೇಲೆ ಆ ಹುಡುಗಿ ಈ ಕಡೆ ತಲೆ ಹಾಕಿಲ್ಲ ಎಂದರು. ಆದರೂ ನಂಬದೆ ವಾಪಸ್ಸು ಬಂದಿದ್ದೆ. ಹೊರಡುವಾಗ ಅವರು “ಮೀರೆವರಮ್ಮಾ?” ಎಂದು ತೆಲುಗಿನಲ್ಲಿ ನಾನು ಯಾರೆಂದು ಕೇಳಿದರು. ಯಾರೂ ಅಲ್ಲ ಎಂದುಬಿಟ್ಟೆ. ಇನ್ನೊಮ್ಮೆ ಬಂದರೆ ಗೇಟಿನಿಂದಲೇ ಒಳಗೆ ಬರುತ್ತೇನೆ. ಆಗಲೂ ಅವರು ನಾನು ಯಾರೆಂದು ಕೇಳಿದರೆ ಏನು ಹೇಳಲಿ, ನೀವೇ ತಿಳಿಸಿ.