ತೊಳೆದ ಕಾಗದಗಳು

ಹನ್‌ಯಾಂಗ್ ಅರಮನೆ,
ಕೋಳಿ ವರ್ಷ, ಹತ್ತನೆಯ ತಿಂಗಳು, ಮೂರನೆಯ ದಿನ

ನನ್ನ ಮುದ್ದಿನ ತಂಗಿ ಒಕ್‌ಸೂನ್,

ಮಂಡಿನೋವು ಹೇಗಿದೆಯೇ? ಈ ವರ್ಷವೂ ಚಳಿಗಾಲದ ಉಪ್ಪಿನಕಾಯಿಗೆಂದು ಆ ರಾಶಿ ಮೂಲಂಗಿಗೆ ಉಪ್ಪು ಹಾಕಲು ನೀನೇ ಕೂತಿದ್ದರೆ, ನನ್ನಾಣೆ, ಸೊಸೆಯರಿಗೆ ಬಿಟ್ಟು ಎದ್ದುಬಿಡು. ನನಗೆ ಮೂರೇ ಹಲ್ಲು ಉಳಿದಿವೆ. ಅಕ್ಕಿ ಕಡುಬು ನೆನೆಸಿಕೊಟ್ಟರೆ ತಿನ್ನುತ್ತೇನೆ, ಉಳಿದ ಹೊತ್ತು ಇಲ್ಲಿನ ಹೆಂಗಸರನ್ನು ಬೈಯುತ್ತೇನೆ. ಅದಕ್ಕೆ ಹಲ್ಲು ಬೇಡ ನೋಡು.

ನಾನೀಗ ನನ್ನ ಬದುಕಿನ ಕಥೆ ಬರೆಯುತ್ತಿದ್ದೇನೆ. ಹತ್ತು ವರ್ಷಕ್ಕೆ ರಾಜಕುಮಾರನ ಹೆಂಡತಿಯಾಗಿ ಪಲ್ಲಕ್ಕಿ ಹತ್ತಿದ್ದು, ನೀನು ಬರಿಗಾಲಲ್ಲಿ ಹಿಂದೆ ಓಡಿಬಂದು "ಅಕ್ಕಾ, ನಾನೂ ಬರ್ತೀನಿ" ಎಂದು ಚೀರಿದ್ದು, ಎಲ್ಲ ಬರೆದೆ. ಅಳು ಬಂತು ಕಣೇ. ಬರೆಯುವುದು ನನ್ನ ಮೊಮ್ಮಗನಿಗಾಗಿ, ಈಗಿನ ರಾಜನಿಗಾಗಿ. ನನ್ನ ಗಂಡ ದ್ವೀಪಕ್ಕೆ ಗಡೀಪಾರಾಗಿ ಸತ್ತರಲ್ಲ, ಅದನ್ನು ಮಾಡಿಸಿದ್ದು ನಮ್ಮ ಅಪ್ಪನೇ ಎಂದು ಮಂತ್ರಿಗಳು ಅವನ ಕಿವಿಯೂದುತ್ತಿದ್ದಾರೆ. ಈ ತಿಂಗಳು ಮುಗಿಯುವುದರೊಳಗೆ ತೀರಿಹೋದ ಅಪ್ಪನಿಗೆ ದ್ರೋಹಿ ಎಂದು ಹಣೆಪಟ್ಟಿ ಹಚ್ಚಬೇಕಂತೆ. ಅವರ ಬಾಯಿಗೆ ಬೆಂಕಿ ಬೀಳ! ಅಪ್ಪ ಆಗಿನ ರಾಜರ ಬಾಗಿಲ ಮುಂದೆ ಹಿಮದಲ್ಲಿ ಚಾಪೆ ಹಾಸಿ, ಮೂರು ದಿನ ಮಂಡಿಯೂರಿ ಅಳಿಯನ ಪ್ರಾಣ ಬೇಡಿದ್ದನ್ನು ನಾನು ಕಣ್ಣಾರೆ ಕಂಡವಳು. ಮೊಮ್ಮಗ ಪಾಪ, "ಅಜ್ಜೀ, ನೀವು ಹೇಳಿದ್ರೆ ನಾನು ನಂಬ್ತೀನಿ. ಅವರು ಆವತ್ತಿನ ಕಾಗದ ಕೇಳ್ತಾರಲ್ಲ" ಎಂದ.

ಎಲ್ಲಿಂದ ತರಲಿ? ಆವತ್ತೇ ಎಲ್ಲವನ್ನೂ ಅಮ್ಮನಿಗೆ ಬರೆದು ಕಳಿಸಿದ್ದೆ, ತಾರೀಖು ಹಾಕಿ, ಮುದ್ರೆ ಒತ್ತಿ. ಆದರೆ ಅರಮನೆಯ ಅಕ್ಷರ ಹೊರಗೆ ಉಳಿಯಕೂಡದೆಂದು ಅಪ್ಪನ ಕಟ್ಟಪ್ಪಣೆ. ನನ್ನ ಪ್ರತಿ ಪತ್ರವನ್ನೂ ಓದಿದ ಮೇಲೆ ಬಾನಿಯಲ್ಲಿ ಅದ್ದಿ, ಮಸಿ ತೊಳೆದು, ಬಿಳಿ ಹಾಳೆ ಮಾಡಿ ಒಣಹಾಕುವುದು ನಿನ್ನ ಕೆಲಸ. ಆಗಿನ್ನೂ ನಿನಗೆ ಮದುವೆಯಾಗಿರಲಿಲ್ಲ. "ನಿಮ್ಮಕ್ಕನ ಒಂದು ಕಾಗದ ಸಿಕ್ಕಿದ್ರೂ ಮನೆ ಹಾಳಾಗುತ್ತೆ, ಜೋಕೆ" ಎನ್ನುತ್ತಿದ್ದರು ಅಪ್ಪ. ಅಷ್ಟು ಎಚ್ಚರದ ಮನುಷ್ಯ. ಆ ಎಚ್ಚರವೇ ಈಗ ಅವರ ಕುತ್ತಿಗೆಗೆ ಬಂದಿದೆ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮೊಮ್ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ಈ ಚಳಿಗಾಲ ನಿನ್ನನ್ನು ನೋಯಿಸದೆ ದಾಟಲಿ.

ನಿನ್ನ ಅಕ್ಕ,
ಅರಮನೆಯ ಮುದುಕಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಕೇಳಲು ಧೈರ್ಯ ಸಾಲಲಿಲ್ಲ. ಚಿಕ್ಕಂದಿನಲ್ಲಿ ನೀನು ಶುದ್ಧ ಮೈಗಳ್ಳಿ. ಆ ಒಂದು ಕಾಗದವನ್ನಾದರೂ ತೊಳೆಯದೆ ಎಲ್ಲಾದರೂ ಬಚ್ಚಿಟ್ಟಿದ್ದೀಯೇನೇ? ಪತ್ರ ತಂದ ಹೆಂಗಸು ಬಾಗಿಲಲ್ಲೇ ಕಾದಿರುತ್ತಾಳೆ. ನಾನು ಬೈಯುವುದಿಲ್ಲ. ಅಪ್ಪನ ಮಾತು ಮೀರಿದ್ದೆ ಎಂದು ಹೇಳಿಬಿಡೇ. ಅಪ್ಪನನ್ನು ಉಳಿಸಲು ಬೇರೆ ದಾರಿಯಿಲ್ಲ.