ನಾಲ್ಕು ಎ ಸೀಟಿನಿಂದ ಕಂಡ ಮೋಡ

ಬೆಹಾಲಾ, ಕೋಲ್ಕತ್ತಾ
ಸೋಮವಾರ, ಮೇ ೧೩, ೨೦೨೪

ಪ್ರೀತಿಯ ಸಮೀ,

ಹೇಗಿದ್ದೀಯ? ಗಂಟಲು ನೋವು ಹೋಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಅಂದರೆ ಹ್ಞೂಂ ಅನ್ನುತ್ತೀಯ, ಮಾಡಿರುವುದಿಲ್ಲ, ನನಗೆ ಗೊತ್ತು. ಹೊತ್ತು ಹೊತ್ತಿಗೆ ತಿನ್ನುತ್ತಿದ್ದೀಯೋ ಅಥವಾ ವಿಮಾನದ ಆ ಒಣ ಬನ್ನಿನಲ್ಲೇ ಕಾಲ ಹಾಕುತ್ತಿದ್ದೀಯೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿ ನೋವು ಮನೆಯೊಳಗೆ ಮಾತ್ರ ಇರುತ್ತದೆ. ಹೊಸ ಮೆಟ್ರೋ ಹತ್ತಿ ಮಾಜೇರ್‌ಹಾಟ್‌ವರೆಗೆ ಸುಮ್ಮನೆ ಹೋಗಿ ಬರುವಾಗ ಇರುವುದಿಲ್ಲ. ಸೆಕೆಯಂತೂ ಕೇಳಬೇಡ, ಒಗೆದ ಸೀರೆ ಒಣಗುವಷ್ಟರಲ್ಲಿ ಉಟ್ಟದ್ದು ಒದ್ದೆ. ಸರಿ, ಆರೋಗ್ಯ ವಿಚಾರಿಸಿದ್ದಾಯಿತು. ಇನ್ನು ಬೈಯಲು ಶುರು ಮಾಡುತ್ತೇನೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಲು ಹೋದೆ ಕೂಡ. ಶುಕ್ರವಾರ ನಾನು ‘ಆ ಮ್ಯಾಗಜಿನ್‌ನಲ್ಲಿ’ ಅನ್ನುತ್ತಿದ್ದ ಹಾಗೆ ‘ಅಮ್ಮಾ, ಫೇಮಸ್ ಆಗ್ಬಿಟ್ಟೆ ನೀನು!’ ಅಂದೆ. ಎರಡನೇ ಸಲ ಬಾಯಿ ತೆರೆದರೆ ‘ಪಿಕಪ್ ಗಾಡಿ ಆ ಗಯಾ, ಆಮೇಲೆ ಮಾಡ್ತೀನಿ’ ಎಂದು ಇಟ್ಟೇಬಿಟ್ಟೆ. ಕಾಗದದ ಬಾಯಿ ಮುಚ್ಚಿಸಲು ಮಾತ್ರ ನಿನ್ನಿಂದ ಆಗುವುದಿಲ್ಲ. ಬೇಸಿಗೆ ರಜೆಯಲ್ಲಿ ಕಿವಿ ಹಿಂಡಿ ಕಲಿಸಿದ ಕನ್ನಡ ನಿನ್ನದು, ಓದುವುದು ನಿಧಾನ. ನಿಧಾನವಾಗಿಯೇ ಓದು. ಅದಕ್ಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮ್ಯಾಗಜಿನ್ ಮನೆಗೆ ಬಂದದ್ದು ಕೆಳಗಿನ ಮನೆಯ ಬಸು ಬಾಬು ಕೈಯಲ್ಲಿ. ದಿಲ್ಲಿಯಿಂದ ನಿಮ್ಮ ಕಂಪನಿಯ ವಿಮಾನದಲ್ಲೇ ಬಂದರಂತೆ. ಸೀಟಿನ ಜೇಬಿನಿಂದ ಅದನ್ನು ಎತ್ತಿಕೊಂಡು, ಜೊತೆಗೆ ಒಂದು ಡಬ್ಬಿ ಸಂದೇಶ್ ಮಿಠಾಯಿ ಹಿಡಿದು, ಮೆಟ್ಟಿಲ ಮೇಲಿಂದಲೇ ‘ಬೌದಿ, ಆಪ್‌ಕೀ ಬೇಟಿ ತೋ ಹೀರೋಯಿನ್ ಹೋ ಗಯೀ!’ ಎಂದು ಕೂಗುತ್ತಾ ಬಂದರು. ತಾಯಂದಿರ ದಿನದ ವಿಶೇಷ ಸಂಚಿಕೆ. ‘ನನ್ನ ಕನಸಿನ ಹಾರಾಟ’ ಅಂತ ನಾಲ್ವರು ಪೈಲಟ್‌ಗಳ ಅನುಭವ. ಒಬ್ಬರು ಬೆಳಗಿನ ಬಾಗ್‌ಡೋಗ್ರಾ ಹಾರಾಟದಲ್ಲಿ ಕಾಂಚನಜಂಗಾ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಬರೆದಿದ್ದಾರೆ. ಒಬ್ಬರು ಇನ್ನೂ ಇಳಿಯದ ಲೇಹ್‌ನ ಕನಸು ಕಾಣುತ್ತಿದ್ದಾರೆ. ಇನ್ನೊಬ್ಬರು ನಿವೃತ್ತಿಯ ದಿನ ಹೆಂಡತಿಯನ್ನು ಮೊದಲ ಸಾಲಿನಲ್ಲಿ ಕೂರಿಸಿಕೊಂಡು ಹಾರಿದ್ದನ್ನು ಬರೆದಿದ್ದಾರೆ. ಪಾಪ, ಓದಿ ನನ್ನ ಕಣ್ಣು ತುಂಬಿತು. ಆಮೇಲೆ ಪುಟ ತಿರುಗಿಸಿದರೆ ನೀನು. ಪಕ್ಕದಲ್ಲಿ ನಾನು, ಆ ಹಸಿರು ಸೀರೆಯಲ್ಲಿ, ಹಲ್ಲು ಬಿಟ್ಟುಕೊಂಡು.

ಎಷ್ಟು ಚೆಂದ ಬರೆಸಿದ್ದೀಯ! ದೋಲ್ ಹಬ್ಬದ, ಅಂದರೆ ನಮ್ಮ ಹೋಳಿಯ, ಹಿಂದಿನ ಸಂಜೆ. ಮೈಸೂರಿನಲ್ಲಿ ನಾಮಕರಣ ಮುಗಿಸಿ ಹೊರಟ ಅಮ್ಮ ನಾಲ್ಕು ಎ ಸೀಟಿನಲ್ಲಿ. ಮೈಕಿನಲ್ಲಿ ಕ್ಯಾಪ್ಟನ್ ಮಗಳು ಕನ್ನಡದಲ್ಲಿ, ‘ಇವತ್ತು ನಮ್ಮಮ್ಮನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ’ ಅಂತ ಹೇಳಿದ್ದು, ಇಡೀ ವಿಮಾನ ಚಪ್ಪಾಳೆ ತಟ್ಟಿದ್ದು. ದಾರಿಯಲ್ಲಿ ಕಾಲ್‌ಬೈಶಾಖಿ, ಬಂಗಾಳದ ಬೇಸಿಗೆಯ ಗುಡುಗು ಬಿರುಗಾಳಿ, ಎದ್ದದ್ದು. ಬೇರೆ ಎರಡು ವಿಮಾನಗಳು ಭುವನೇಶ್ವರಕ್ಕೆ ಓಡಿಹೋದದ್ದು. ‘ನಾನು ಮಾತ್ರ ಬಿರುಗಾಳಿಯೊಂದಿಗೆ ಪಂದ್ಯ ಕಟ್ಟಿ ಗೆದ್ದೆ, ಏಕೆಂದರೆ ಅಮ್ಮನಿಗೆ ಮಾತು ಕೊಟ್ಟಿದ್ದೆ’ ಅಂತ ಕೊನೆಯ ಸಾಲು. ಬಸು ಬಾಬು ಅದನ್ನು ಮೂರು ಸಲ ಓದಿದರು. ನಮ್ಮ ಓಣಿಯ ಪಾಡಾ ಕ್ಲಬ್‌ನವರು ಆ ಪುಟವನ್ನು ದೊಡ್ಡದು ಮಾಡಿಸಿ ಬಾಗಿಲಿಗೆ ಹಾಕಿದ್ದಾರೆ. ಮುಂದಿನ ತಿಂಗಳು ನಿನಗೆ ಸನ್ಮಾನವಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಪಂದ್ಯವಂತೆ! ಯಾರ ಜೊತೆ ಪಂದ್ಯ, ಮೋಡದ ಜೊತೆಗಾ? ಮೂವತ್ತೊಂದು ವರ್ಷ ಏರ್‌ಪೋರ್ಟಿನ ಹವಾಮಾನ ಕೋಣೆಯಲ್ಲಿ ಅರ್ಧ ಗಂಟೆಗೊಮ್ಮೆ ಆಕಾಶ ನೋಡಿ ಬರೆದವಳು ನಾನು. ನೀನು ಹೊಟ್ಟೆಯಲ್ಲಿದ್ದಾಗಲೂ ಏಣಿ ಹತ್ತಿ ನೋಡಿದ್ದೇನೆ. ಕಾಲ್‌ಬೈಶಾಖಿ ಅಂದರೆ ಏನು ಅಂತ ನನಗೆ ಮ್ಯಾಗಜಿನ್‌ನವರು ಹೇಳಿಕೊಡಬೇಕಾ? ಅವತ್ತು ಐದೂ ಮುಕ್ಕಾಲಿಗೆ ಎಡಗಡೆ ಕಿಟಕಿಯಲ್ಲಿ ಅದು ಕಂಡಿತು. ಚಾಪೆ ಸುತ್ತಿದ ಹಾಗೆ, ಉದ್ದಕ್ಕೆ, ಕಪ್ಪಗೆ, ನೆಲಕ್ಕೆ ಹತ್ತಿರ. ಅಂಥದ್ದು ಬಂದರೆ ಅದರ ಮುಂದೆ ಗಾಳಿ ಒಂದೇ ನಿಮಿಷದಲ್ಲಿ ದಿಕ್ಕು ಬದಲಿಸುತ್ತದೆ. ಕಾದರೆ ಮುಕ್ಕಾಲು ಗಂಟೆಯಲ್ಲಿ ಹೋಗಿಬಿಡುತ್ತದೆ. ಮುಕ್ಕಾಲು ಗಂಟೆ, ಸಮೀ! ಭುವನೇಶ್ವರದಲ್ಲಿ ಇಳಿದು ಒಂದು ಟೀ ಕುಡಿಯುವಷ್ಟು ಹೊತ್ತು.

ಎಡಗಡೆ ರೆಕ್ಕೆ ಕೆಳಗೆ ಜಾರಿದಾಗ ನನ್ನ ಪಕ್ಕದ ಹೆಂಗಸು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆಯಿತು. ಒಂದು ಚಕ್ರ ಮೊದಲು ಬಡಿಯಿತು, ವಿಮಾನ ಪಕ್ಕಕ್ಕೆ ಎಳೆಯಿತು, ಆಮೇಲೆ ಹೇಗೋ ನೆಟ್ಟಗಾಯಿತು. ನೂರ ಎಪ್ಪತ್ತು ಜನ. ನಿನ್ನ ಪುಟದಲ್ಲಿ ಆ ನೂರ ಎಪ್ಪತ್ತು ಜನರ ಸುದ್ದಿಯೇ ಇಲ್ಲ, ಅಮ್ಮ ಒಬ್ಬಳೇ ಇದ್ದ ಹಾಗಿದೆ. ನಿನ್ನ ತಾಯಿ ಮೇಲಿನ ಪ್ರೀತಿಗೆ ಅವರ ಮಕ್ಕಳನ್ನು ಯಾಕಮ್ಮಾ ಪಣಕ್ಕಿಟ್ಟೆ?

ನಿನಗೆ ಕ್ಯಾಪ್ಟನ್ ದೇವೇಂದ್ರ ನೆನಪಿದ್ದಾರಲ್ಲ? ಧಾರವಾಡದವರು. ಆಗೆಲ್ಲ ಪೈಲಟ್‌ಗಳು ಖುದ್ದಾಗಿ ನಮ್ಮ ಕೋಣೆಗೆ ಬಂದು, ಸಹಿ ಮಾಡಿ, ಹವಾಮಾನದ ಕಾಗದ ತೆಗೆದುಕೊಂಡು ಹೋಗಬೇಕಿತ್ತು. ನಿನಗೆ ಹತ್ತು ವರ್ಷ, ಸ್ಕೂಲಿಗೆ ರಜೆ, ನನ್ನ ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದೆ. ‘ಅಂಕಲ್, ಆಪ್‌ಕಾ ಬೆಸ್ಟ್ ಫ್ಲೈಟ್ ಕೌನ್ಸಾ?’ ಅಂತ ಕೇಳಿದೆ. ಅವರು ಮಣ್ಣಿನ ಭಾಂಡದಲ್ಲಿ ಟೀ ಹಿಡಿದುಕೊಂಡು ಅಗರ್ತಲಾದ ಕಥೆ ಹೇಳಿದರು. ಅಲ್ಲಿಯವರೆಗೆ ಹೋಗಿ, ಮೇಲೆ ಎರಡು ಸುತ್ತು ಹಾಕಿ, ಮಳೆಯಲ್ಲಿ ರನ್‌ವೇ ಕಾಣದೆ ವಾಪಸ್ಸು ಬಂದದ್ದು. ಒಳಗೆ ಒಬ್ಬ ಬಂಗಾಳಿ ಮದುಮಗ, ಬೆಂಡಿನ ಮದುವೆ ಕಿರೀಟ, ಆ ಟೋಪರ್, ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಳಿಯುವಾಗ ಕ್ಯಾಪ್ಟನ್ನರಿಗೆ ಬಾಯಿಗೆ ಬಂದ ಹಾಗೆ ಬೈದನಂತೆ. ‘ಬೈಲಿ ಬಿಡ್ರೀ ಅಕ್ಕಾರ, ಬೈಲಿಕ್ಕಾದ್ರೂ ಬದುಕ್ಯಾನಲ್ಲ’ ಅಂದರು ನನ್ನ ಕಡೆ ತಿರುಗಿ. ಮನೆಗೆ ಬರುವಾಗ ಬಸ್ಸಿನಲ್ಲಿ ನೀನು ಪೈಲಟ್ ಆಗುತ್ತೇನೆ ಅಂದೆ. ಈ ಕಥೆ ಕೇಳಿ ಪೈಲಟ್ ಆದವಳು ನೀನು. ಅವರ ಮರೆಯಲಾಗದ ಹಾರಾಟದಲ್ಲಿ ಅವರು ಇಳಿಯಲೇ ಇಲ್ಲ.

ಇಷ್ಟೇ ಆಗಿದ್ದರೆ ನಾನು ನಾಲ್ಕು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ನಿನ್ನ ಕೋಪೈಲಟ್ ವಿಘ್ನೇಶನ ವಿಷಯ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ಅವತ್ತು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಆ ಹುಡುಗನ ದನಿಯನ್ನು ನೀನು ಅಣಕಿಸಿ ತೋರಿಸಿದೆ. ಇಳಿಯಲು ಇನ್ನು ಸ್ವಲ್ಪವೇ ಇದ್ದಾಗ ಅವನು ಸಣ್ಣ ದನಿಯಲ್ಲಿ ‘ಗೋ ಅರೌಂಡ್, ಮ್ಯಾಮ್, ಗೋ ಅರೌಂಡ್’ ಅಂದನಂತೆ. ಕಾಕ್‌ಪಿಟ್‌ನಲ್ಲಿ ಇಬ್ಬರಲ್ಲಿ ಯಾರೇ ಆ ಮಾತು ಹೇಳಿದರೂ ಚರ್ಚೆಯಿಲ್ಲ, ವಿಮಾನವನ್ನು ಮೇಲಕ್ಕೆ ಎತ್ತಲೇಬೇಕು. ಇದು ನಿಮ್ಮ ಮೊದಲ ಪಾಠ, ನನಗೇ ಹೇಳಿಕೊಟ್ಟವಳು ನೀನು. ಅದನ್ನು ಮರೆತು, ‘ಮುಖ ನೋಡ್ಬೇಕಿತ್ತು ಅಪ್ಪಾ, ಬಿಲ್ಕುಲ್ ಮೊಸರಿನ ತರ!’ ಅಂತ ನಕ್ಕೆ. ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ. ಆದರೆ ನಾನು ಆ ಹುಡುಗನನ್ನು ನೋಡಿದ್ದೆ. ನಾನು ಇಳಿಯುವಾಗ ಬಾಗಿಲ ಹತ್ತಿರ ನಿಂತು ‘ನಮಸ್ತೆ ಆಂಟಿ’ ಅಂದ. ಅಷ್ಟು ತಣ್ಣನೆಯ ವಿಮಾನದಲ್ಲಿ ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಮೇಲೆ ಕಂಪನಿಯವರು ಕೇಳಿದರು, ಇಷ್ಟು ಜೋರಾಗಿ ಯಾಕೆ ಇಳಿಸಿದಿರಿ ಎಂದು. ನೀನು ಬರೆದುಕೊಟ್ಟೆ: ಕೊನೆಯ ಕ್ಷಣದಲ್ಲಿ ಗಾಳಿ ತಿರುಗಿತು, ಕೋಪೈಲಟ್ ಕಡೆಯಿಂದ ಯಾವ ಎಚ್ಚರಿಕೆಯೂ ಬರಲಿಲ್ಲ. ಕಾಕ್‌ಪಿಟ್‌ನೊಳಗಿನ ಮಾತಿನ ರೆಕಾರ್ಡು ಅಷ್ಟರಲ್ಲಿ ತಾನಾಗಿಯೇ ಅಳಿಸಿಹೋಗಿತ್ತು. ಅವನ ಕೈಯಲ್ಲೂ ಅದನ್ನೇ ಬರೆಸಿದೆ, ‘ಇಬ್ಬರಿಗೂ ಒಳ್ಳೇದು’ ಅಂತ. ಇದನ್ನೆಲ್ಲ ನನಗೆ ಹೇಳಿದ್ದೂ ನೀನೇ, ಏಪ್ರಿಲ್‌ನಲ್ಲಿ, ‘ಕೇಸ್ ಕ್ಲೋಸ್ ಆಯ್ತಮ್ಮ’ ಎಂದು ಖುಷಿಯಾಗಿ. ಹೋದ ವಾರ ಹೇಳುತ್ತೀಯ, ‘ಪಾಪ, ವಿಘ್ನೇಶ್‌ನ ಫ್ಲೈಯಿಂಗಿಂದ ತೆಗೆದು ಮತ್ತೆ ಟ್ರೇನಿಂಗಿಗೆ ಹಾಕಿದಾರೆ, ಟೈಮಿಗೆ ಬಾಯಿ ಬಿಡಲಿಲ್ಲ ಅಂತ ರಿಮಾರ್ಕ್ ಬಂತು.’ ಬಾಯಿ ಬಿಡಲಿಲ್ಲವಾ? ಎರಡು ಸಲ ಬಿಟ್ಟಿದ್ದನಲ್ಲೇ! ಬಿಟ್ಟ ಬಾಯಿಯನ್ನು ನೀನು ಮುಚ್ಚಿಸಿ, ಈಗ ಪಾಪ ಅನ್ನುತ್ತೀಯ. ನಾಚಿಕೆಯಾಗುವುದಿಲ್ಲವೇ ನಿನಗೆ? ನನಗೆ ಆಗುತ್ತದೆ. ಅವನಿಗೂ ಒಬ್ಬ ತಾಯಿ ಇದ್ದಾಳೆ, ಅವಳೂ ಈ ಸಂಚಿಕೆ ಓದಿರುತ್ತಾಳೆ.

ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಗೇಟಿನ ಹತ್ತಿರ ಕೂತಿದ್ದಾಗ ಹಳೇ ಚಟಕ್ಕೆ ಫೋನಿನಲ್ಲಿ ಉಪಗ್ರಹದ ಚಿತ್ರ ನೋಡಿದೆ. ಝಾರ್ಖಂಡದ ಮೇಲೆ ಮಧ್ಯಾಹ್ನದಿಂದಲೇ ಮೋಡದ ಬಿಳಿ ಮುದ್ದೆ ದಪ್ಪವಾಗುತ್ತಿತ್ತು. ಸಂಜೆ ಆರರ ಹೊತ್ತಿಗೆ ಕೋಲ್ಕತ್ತಾದ ಮೇಲೆ ಬರುತ್ತದೆ ಅಂತ ಲೆಕ್ಕ ಹಾಕಿದೆ, ಸರಿಯಾಗಿಯೇ ಹಾಕಿದೆ. ಅಷ್ಟರಲ್ಲಿ ನೀನು ಯೂನಿಫಾರ್ಮಿನಲ್ಲಿ ಬಂದು ಎಲ್ಲರ ಮುಂದೆ ನನ್ನ ಕಾಲು ಮುಟ್ಟಿದೆ. ಜನ ಫೋಟೋ ತೆಗೆದರು. ನಾನು ಉಬ್ಬಿಹೋದೆ. ಇವಳಿಗೆ ಗೊತ್ತಿಲ್ಲದ್ದಾ, ರಿಟೈರಾದ ಮುದುಕಿ ನಾನ್ಯಾಕೆ ಮೂಗು ತೂರಿಸಲಿ ಅಂದುಕೊಂಡೆ. ಅದೂ ಸಾಲದು ಅಂತ, ‘ಹೊತ್ತಿಗೆ ಸರಿಯಾಗಿ ಮನೆ ಸೇರಿಸಮ್ಮಾ, ಅಪ್ಪ ಒಬ್ರೇ ಇದಾರೆ’ ಅಂದೆ. ಮೂವತ್ತೊಂದು ವರ್ಷ ಗುರುತಿಲ್ಲದ ಪೈಲಟ್‌ಗಳಿಗೆಲ್ಲ ಫೋನ್ ಮಾಡಿ ಮಾಡಿ ಎಚ್ಚರಿಸಿದವಳು, ಸ್ವಂತ ಮಗಳಿಗೆ ಹೇಳಬೇಕಾದ ಒಂದು ದಿನ ಬಾಯಿಗೆ ಬೀಗ ಹಾಕಿಕೊಂಡೆ. ವಿಮಾನ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸಮೀ. ಒಡೆದ ಬಳೆಯ ಚೂರು ಮಣಿಕಟ್ಟಿಗೆ ಚುಚ್ಚುತ್ತಿತ್ತು, ಆದರೂ ತಟ್ಟಿದೆ. ಆ ಸಿಟ್ಟು ಎರಡು ತಿಂಗಳಿಂದ ಒಳಗೇ ಕುದಿಯುತ್ತಿದೆ. ನಿನ್ನ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ಈಗ ಏನು ಮಾಡಬೇಕು ಅಂತ ಕೇಳಬೇಡ, ನಿನಗೆ ಗೊತ್ತು. ಕಂಪನಿಗೆ ಹೋಗು. ವಿಘ್ನೇಶ್ ಹೇಳಿದ್ದ, ಎರಡು ಸಲ ಹೇಳಿದ್ದ, ನಾನು ಕೇಳಲಿಲ್ಲ, ಆಮೇಲೆ ಅವನ ಕೈಯಲ್ಲಿ ಸುಳ್ಳು ಬರೆಸಿದೆ ಅಂತ ಬರೆದುಕೊಡು. ನಿನ್ನನ್ನು ಹಾರಾಟದಿಂದ ಇಳಿಸುತ್ತಾರೆ. ಎಷ್ಟು ತಿಂಗಳೋ ಗೊತ್ತಿಲ್ಲ, ಭುಜದ ಮೇಲಿನ ಪಟ್ಟಿ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ನಿಮ್ಮಪ್ಪನಿಗೆ ನಿನ್ನೆ ಎಲ್ಲ ಹೇಳಿದೆ. ಮೊದಲು ‘ಮಗೂ ಜೀವನ ಹಾಳ್ ಮಾಡ್ತೀಯೇನೇ’ ಅಂತ ನನ್ನ ಮೇಲೆ ಕೂಗಾಡಿದರು. ಆಮೇಲೆ ಬಾಲ್ಕನಿಯ ಗಿಡಗಳಿಗೆಲ್ಲ ನೀರು ಹಾಕಿ, ಒಳಗೆ ಬಂದು, ‘ಅವತ್ತು ನಾನು ನಗಬಾರ್ದಿತ್ತು’ ಅಂದರು. ಬೆಳಿಗ್ಗೆ ಅವರೇ ಕ್ಲಬ್ಬಿಗೆ ಹೋಗಿ ಆ ಪುಟವನ್ನು ಬಾಗಿಲಿನಿಂದ ತೆಗೆಸಿದರು. ಬಸು ಬಾಬುಗೆ ಬೇಸರವಾಗಿದೆ, ಇರಲಿ.

ಹಾರಾಟವಿಲ್ಲದ ದಿನಗಳಲ್ಲಿ ಇಲ್ಲಿಗೆ ಬಾ. ನಿನ್ನ ಕೋಣೆಯ ಫ್ಯಾನ್ ರಿಪೇರಿ ಮಾಡಿಸಿದ್ದೇನೆ. ಬೈದದ್ದರಲ್ಲಿ ಒಂದಕ್ಷರವನ್ನೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಆದರೆ ಬಿಸಿಬೇಳೆಭಾತ್ ಮಾಡುತ್ತೇನೆ. ಉಪ್ಪುನೀರು ಮುಕ್ಕಳಿಸುವುದನ್ನು ಮರೆಯಬೇಡ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಯಾವತ್ತೂ ಇದೆ, ನೀನು ಕ್ಯಾಪ್ಟನ್ ಆಗಿದ್ದರೂ ಸರಿ, ಆಗಿರದಿದ್ದರೂ ಸರಿ.

ನಿನ್ನ ಅಮ್ಮ,
ಸುಲೋಚನಾ

ಮರೆತಿದ್ದೆ: ಬಿಬಿಡಿ ಬಾಗ್‌ನ ಅಂಚೆ ಕಚೇರಿಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ, ಹಿಂದೆ ದೊಡ್ಡ ಸಾಲಿದೆ. ನನ್ನ ಚೀಲದಲ್ಲಿ ಇನ್ನೊಂದು ಲಕೋಟೆ ಇದೆ. ನಿಮ್ಮ ಕಂಪನಿಯ ಸುರಕ್ಷತಾ ವಿಭಾಗಕ್ಕೆ. ನನ್ನ ಊಟದ ಮೇಜಿನಲ್ಲಿ ಕೇಳಿದ್ದು, ನಾಲ್ಕು ಎ ಸೀಟಿನಿಂದ ಕಂಡದ್ದು, ನೋಡಿಯೂ ನಾನು ಹೇಳದೇ ಇದ್ದದ್ದು, ಎಲ್ಲ ಅದರಲ್ಲಿದೆ. ಕೆಳಗೆ ನನ್ನ ಸಹಿ ಇದೆ. ನಿನ್ನ ಕಾಗದ ಇವತ್ತು ಹೋಗುತ್ತದೆ, ಅವರದ್ದು ಮುಂದಿನ ಸೋಮವಾರ. ಅಷ್ಟರೊಳಗೆ ನೀನೇ ಹೋಗಿ ಹೇಳಿದರೆ ಅದನ್ನು ಹರಿದು ಹಾಕುತ್ತೇನೆ. ಹಿಂದಿನ ಸಲ ನಾನು ಎಚ್ಚರಿಸಲಿಲ್ಲ. ಈ ಸಲ ಏಳು ದಿನ ಮುಂಚೆ ಹೇಳಿದ್ದೇನೆ.